ಹಳೆಯ ಕಾರಿನೊಳಗೆ ನೀರು ಬಂದ ದಾರಿ

ಮಂಗಳೂರಿನ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇಕಡಾ 90ರ ಆಸುಪಾಸಿನಲ್ಲಿ ಇರುತ್ತದೆ. ಹಾಗಾಗಿ ಕಾರಿನ ಗಾಜು ಒಳಗಿನಿಂದ ಮಸುಕಾದರೆ ಎಲ್ಲರೂ ಹವೆಯನ್ನೇ ದೂರುತ್ತಾರೆ. ನನ್ನ 2004ರ ಕಾರಿನ ಮಟ್ಟಿಗೆ ನನಗೆ ಅದು ಒಪ್ಪಿಗೆಯಾಗಲಿಲ್ಲ. ರಾತ್ರಿಯಿಡೀ ಯಾರೂ ಕೂರದ ಕಾರಿನ ಗಾಜಿನಲ್ಲಿ ಬೆಳಿಗ್ಗೆ ಹನಿಗಳು ಇಳಿಯುತ್ತಿದ್ದರೆ ಒಳಗೆಲ್ಲೋ ನೀರು ನಿಂತಿರಲೇಬೇಕು. ತೇವ ಹೀರುವ ಸಿಲಿಕಾ ಜೆಲ್ ಚೀಲ, ಸುಗಂಧದ ಡಬ್ಬಿ ಇವೆಲ್ಲ ಆ ನೀರು ಸಿಕ್ಕ ಮೇಲಿನ ಮಾತು.

ಕಾರ್ಪೆಟ್ ಮೇಲೆ ಕೈಯಾಡಿಸಿದರೆ ಒಣಗಿದಂತೆಯೇ ಇತ್ತು. ಮುಂದಿನ ಎಡ ಸೀಟಿನ ಬಳಿ ಅಂಚಿನ ಪಟ್ಟಿ ಬಿಚ್ಚಿ ಎತ್ತಿದಾಗ ಅಡಿಯ ದಪ್ಪ ಫೆಲ್ಟ್ ಬೆರಳಿಟ್ಟಲ್ಲೆಲ್ಲ ಕಂದು ನೀರು ಬಿಟ್ಟಿತು. ಮುಗ್ಗಲು ವಾಸನೆಯ ಮೂಲವೂ ಅದೇ.

ಎಡಗಡೆ ಒದ್ದೆಯಾದರೆ ಮೊದಲ ಅನುಮಾನ ಹೀಟರ್ ಮೇಲೆ. ಅದರಲ್ಲಿ ಹರಿಯುವುದು ಎಂಜಿನ್ ತಂಪಾಗಿಡುವ ದ್ರವ, ಕೂಲೆಂಟ್. ಸೋರಿದರೆ ಅದರ ಸಿಹಿ ವಾಸನೆ ಬರುತ್ತದೆ, ಗಾಜಿಗೂ ಜಿಡ್ಡು ಹಿಡಿಯುತ್ತದೆ. ಇಲ್ಲಿ ಅದಿರಲಿಲ್ಲ. ಏಸಿಯ ನೀರಿನ ಕೊಳವೆ ಕಟ್ಟಿಕೊಂಡಿರಬಹುದೇ ಎಂದರೆ, ಏಸಿ ಓಡಿಸಿದಾಗ ಕಾರಿನಡಿ ಧಾರಾಳವಾಗಿ ತೊಟ್ಟಿಕ್ಕುತ್ತಿತ್ತು. ಉಳಿದದ್ದು ಮಳೆನೀರು.

ಕಾರಿನ ನೆಲದ ತಗಡು ಒರೆಸಿ, ಉದ್ದಕ್ಕೂ ಹಳೆಯ ಪತ್ರಿಕೆ ಹಾಸಿದೆ. ಅಣ್ಣನ ಮಗ ಹೊರಗೆ ಪೈಪ್ ಹಿಡಿದ, ನಾನು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದೆ. ನೀರನ್ನು ಕೆಳಗಿನಿಂದ ಮೇಲಕ್ಕೇ ಬಿಡುತ್ತಾ ಬರಬೇಕು. ಮೊದಲೇ ಮೇಲ್ಛಾವಣಿಗೆ ಬಿಟ್ಟರೆ ಯಾವ ಸಂದಿನಿಂದ ಒಳಬಂತು ಎಂದು ಗೊತ್ತಾಗುವುದೇ ಇಲ್ಲ. ಬಾಗಿಲು, ಅದರ ರಬ್ಬರ್, ಗಾಜಿನ ಅಂಚು ಎಲ್ಲ ದಾಟಿದರೂ ಪತ್ರಿಕೆ ಒಣಗಿಯೇ ಇತ್ತು. ವೈಪರ್ ಬುಡದ ಜಾಲರಿಗೆ ಬಿಟ್ಟಾಗಲೂ ಮೊದಲು ಏನೂ ಆಗಲಿಲ್ಲ. "ಚಿಕ್ಕಪ್ಪ, ಸಾಕಾ?" ಎಂದ. "ಇನ್ನೂ ಬಿಡು" ಎಂದೆ. ಸ್ವಲ್ಪ ಹೊತ್ತಿಗೆ ಒಳಕ್ಕೆ ಗಾಳಿ ಬೀಸುವ ಫ್ಯಾನ್, ಅಂದರೆ ಬ್ಲೋವರ್, ಮಗ್ಗುಲಿನಿಂದ ನೀರಿನ ಸಣ್ಣ ಎಳೆಯೊಂದು ಇಳಿದು ಪತ್ರಿಕೆಯ ಮೇಲೆ ಹರಡಿತು. ಆ ತಡವೇ ಎಲ್ಲವನ್ನೂ ಹೇಳಿತು: ಜಾಲರಿಯ ಕೆಳಗಿನ ತೊಟ್ಟಿ ತುಂಬಿದ ಮೇಲಷ್ಟೇ ನೀರು ಉಕ್ಕುತ್ತಿದೆ.

ಜಾಲರಿ ಬಿಚ್ಚಿದರೆ ಗೋಳಿಮರದ ಎಲೆ, ಹಣ್ಣು, ಧೂಳು ಸೇರಿ ಕಪ್ಪು ಗೊಬ್ಬರವಾಗಿತ್ತು. ಹಗಲೆಲ್ಲ ಕಾರು ನಿಲ್ಲುವುದು ಆ ಮರದಡಿಯಲ್ಲೇ. ಹೊರಹೋಗುವ ರಂಧ್ರ ಮುಚ್ಚಿ, ನೀರು ಬ್ಲೋವರಿಗೆ ಗಾಳಿ ಬರುವ ದಾರಿಯಲ್ಲಿ ಒಳನುಗ್ಗುತ್ತಿತ್ತು. ಕೈಯಿಂದಲೇ ಬಾಚಿ ತೆಗೆದು, ರಂಧ್ರಕ್ಕೆ ಪ್ಲಾಸ್ಟಿಕ್ ಹೊದಿಕೆಯ ತಂತಿ ಆಡಿಸಿದೆ. ಬರಿಯ ಕಬ್ಬಿಣದ ತಂತಿ ಬೇಡ, ಕೆಲವು ಕಾರುಗಳಲ್ಲಿ ಅಲ್ಲಿ ರಬ್ಬರ್ ಕೊಳವೆ ಇರುತ್ತದೆ, ತೂತಾದೀತು.

ತುಳುವರ ಆಟಿ ತಿಂಗಳ ಮಳೆಯಲ್ಲಿ ಫೆಲ್ಟ್ ಒಣಗಿಸುವುದೇ ದೊಡ್ಡ ಕೆಲಸ. ಬಚ್ಚಲ ಒಲೆಯಿಂದ ದೂರದಲ್ಲಿ ಹಗ್ಗಕ್ಕೆ ಹಾಕಿ, ಆಮೇಲೆ ಫ್ಯಾನಿನಡಿ ಹರಡಿದೆ. ಪೂರ್ತಿ ಒಣಗುವವರೆಗೆ ಕಾರಿಗೆ ಹಾಕಲಿಲ್ಲ. ಅಷ್ಟರಲ್ಲಿ ತಗಡಿನ ತುಕ್ಕು ಉಜ್ಜಿ ಪ್ರೈಮರ್ ಬಳಿದೆ.

ಈಗ ಗಾಜು ಮಸುಕಾಗುವುದು ನಾಲ್ವರು ಒದ್ದೆ ಕೊಡೆ ಹಿಡಿದು ಹತ್ತಿದಾಗ ಮಾತ್ರ. ಹೊರಗಾಳಿಯ ದಾರಿ ತೆರೆದಿಟ್ಟು ಏಸಿ ಹಾಕಿದರೆ ಬೇಗನೆ ತಿಳಿಯಾಗುತ್ತದೆ. ಹೊರಮೈ ಮಸುಕಾದರೆ ಅದು ಬೇರೆ ವಿಷಯ, ಏಸಿಯಿಂದ ತಣ್ಣಗಾದ ಗಾಜಿಗೆ ಹೊರಗಿನ ಬೆಚ್ಚನೆಯ ಗಾಳಿ ತಾಗಿ ಆಗುವುದು. ಗಾಜಿಗೆ ಬೀಸುವ ತಂಪನ್ನು ತುಸು ತಗ್ಗಿಸಿ ವೈಪರ್ ಒಮ್ಮೆ ಆಡಿಸಿದರೆ ಸಾಕು.