ಬೆಚ್ಚಗಿನ ನೀರಲ್ಲಿ ಹೈಡ್ರೋಜನ್ ನಿಲ್ಲಲ್ಲ ಅಂದ್ರು, ನಿಲ್ಸಿದೀನಿ

ನೀರಲ್ಲಿ ಹೈಡ್ರೋಜನ್ ಗ್ಯಾಸ್ ಕರಗಿಸಿ ಹೈಡ್ರೋಜನ್ ನೀರು ಮಾಡ್ತೀನಿ, ಅದನ್ನ ಬೆಚ್ಚಗೇ ಮಾಡ್ಬೇಕು ಅಂತ ಹೊರಟಿದ್ದೆ. ನೀರು ಬೆಚ್ಚಗಾದ್ರೆ ಹೈಡ್ರೋಜನ್ ಹಾರ್ಹೋಗತ್ತೆ, ಸುಮ್ನೆ ದುಡ್ಡು ದಂಡ ಅಂತ ಇದೇ ಕೆಲಸ ಮಾಡೋರೇ ಎಷ್ಟೋ ಜನ ನಂಗೆ ಹೇಳಿದ್ರು. ಈಗ 40 ಡಿಗ್ರಿ ನೀರಲ್ಲಿ 1.2 ಪಿಪಿಎಂ (ಲೀಟರಿಗೆ 1.2 ಮಿಲಿಗ್ರಾಂ ಹೈಡ್ರೋಜನ್) ಆಸುಪಾಸು ತಗೀತಿದೀನಿ, ಮೂರು ಗಂಟೆ ಬಿಟ್ಟು ನೋಡಿದ್ರೂ 1 ಇರತ್ತೆ. ಹೈಡ್ರೋಜನ್ ಅಳೆಯೋ ನೀಲಿ ಡ್ರಾಪ್ಸ್ ಎಣಿಸಿ ಹೇಳ್ತಿರೋ ಲೆಕ್ಕ ಇದು, ಹೈಡ್ರೋಜನ್ ಇರೋವರೆಗೂ ಹನಿಯ ನೀಲಿ ಮಾಯ ಆಗತ್ತೆ, ಒಂದು ಹನಿ ಅಂದ್ರೆ 0.1 ಪಿಪಿಎಂ.

ಮೊದಲು ನಾನೂ ಎಲ್ಲರ ಹಾಗೆ ತಣ್ಣೀರಿಗೆ ಗ್ಯಾಸ್ ತುಂಬಿ 1.5 ಹತ್ರ ತಂದು, ಆಮೇಲೆ ಬಾಟಲಿನ ಬಿಸಿನೀರಲ್ಲಿ ಇಟ್ಟು ಬೆಚ್ಚಗೆ ಮಾಡ್ತಿದ್ದೆ. ಅಳೆದ್ರೆ 0.4, ತುಂಬಾ ಅಂದ್ರೆ 0.5. ಮಷೀನೇ ಸರಿ ಇಲ್ಲ ಅನ್ಕೊಂಡು ಇನ್ನೊಂದು ತಂದೆ, ಅದ್ರದ್ದೂ ಅದೇ ಗತಿ, ಎರಡು ಮಷೀನಿನ ದುಡ್ಡು ಹೋಯ್ತು, ಅದರ ಮೇಲೆ ಒಆರ್‌ಪಿ ಮೀಟರ್ (ನೀರಿನ ಆಕ್ಸಿಡೀಕರಣ-ಅಪಕರ್ಷಣ ವೋಲ್ಟೇಜ್ ತೋರಿಸೋದು) ಬೇರೆ. ಆ ಮೀಟರ್ ತಿಂಗಳುಗಟ್ಟಲೆ ನನ್ನ ದಾರಿ ತಪ್ಪಿಸ್ತು. ಅದು ಮೈನಸ್ 500 ಮಿಲಿವೋಲ್ಟ್ ತೋರಿಸ್ತಾನೇ ಇರೋದು, ಡ್ರಾಪ್ಸ್ ಹಾಕಿದ್ರೆ ಐದನೇ ಹನಿಗೇ ನೀಲಿ ನಿಂತುಬಿಡೋದು. ಹೈಡ್ರೋಜನ್ ಹತ್ತನೇ ಒಂದು ಪಾಲಿಗೆ ಇಳಿದ್ರೂ ಮೀಟರ್ ಬದಲಾಗೋದು 30 ಮಿಲಿವೋಲ್ಟ್ ಅಷ್ಟೇ, ಪಿಹೆಚ್ ಅರ್ಧ ಆಚೀಚೆ ಆದ್ರೂ ಅಷ್ಟೇ ಬದಲಾಗತ್ತೆ. ಅದನ್ನ ನಂಬ್ಬೇಡಿ.

ಒಂದಿನ ಗ್ಲಾಸ್ ಬಾಟಲಿ ಬೆಚ್ಚಗಾಗ್ತಾ ಇರೋವಾಗ ಒಳಗೋಡೆಗೆ ಸಣ್ಣ ಸಣ್ಣ ಗುಳ್ಳೆ ಕಟ್ಟೋದು ನೋಡ್ತಾ ಕೂತಿದ್ದೆ, ಆಗ ಹೊಳೀತು. 25 ಡಿಗ್ರಿಲಿ ಹೈಡ್ರೋಜನ್ ಹೆಚ್ಚೆಂದ್ರೆ ಕರಗೋದು ಸುಮಾರು 1.6 ಪಿಪಿಎಂ, 50ರಲ್ಲಿ 1.4ರ ಮೇಲೇ ಇದೆ, ಅಂದ್ರೆ ಬಿಸಿಯಿಂದ ಆಗೋ ನಷ್ಟ ಅಷ್ಟೇನಿಲ್ಲ. ನೀರಲ್ಲಿ ಮೊದಲೇ ಇದ್ದ ಗಾಳಿ ಬಿಸಿಗೆ ಗುಳ್ಳೆಯಾಗಿ ಹೊರಗೆ ಬರತ್ತೆ, ಆ ಗುಳ್ಳೆಯೊಳಗೆ ಹೈಡ್ರೋಜನ್ನೂ ಸೇರ್ಕೊಂಡು ಹೊರಟುಹೋಗತ್ತೆ.

ಹಾಗಾಗಿ ಕೆಲಸ ತಿರುಗಿಸ್ದೆ. ನೀರನ್ನ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆ ಬಾಯಿ ಮುಚ್ಚಿ, ಅಲುಗಾಡದ ಹಾಗೆ ಇಟ್ಟು 45 ಡಿಗ್ರಿಗೆ ಆರಿಸಿ, ಆಮೇಲೆ ಗ್ಯಾಸ್ ತುಂಬಿದೆ. ಮೊದಲನೇ ಸಲಾನೇ 1.1 ಬಂತು, ಖುಷಿಗೆ ಮೂರು ಸಲ ಅಳೆದೆ.

ಇನ್ನು ಆ ನೀರನ್ನ ಬಾಟಲಿಗೆ ತುಂಬೋದು. ಕಂಠಮಟ್ಟ ತುಂಬಿದ್ರೆ ಸಾಲಲ್ಲ, ಉಕ್ಕಿ ಹರೀಬೇಕು. ಒಂದು ಲೀಟರ್ ನೀರಿನ ಮೇಲೆ 20 ಎಂಎಲ್ ಗಾಳಿ ಬಿಟ್ಟು ಕುಲುಕಿದ್ರೆ ಅರ್ಧ ಹೈಡ್ರೋಜನ್ ಆ ಜಾಗಕ್ಕೇ ಹೋಗತ್ತೆ, ಇದನ್ನ ಹೇಳಿದ್ರೆ ಯಾರೂ ನಂಬಲ್ಲ, ನೀವೇ ಮಾಡಿ ನೋಡಿ. ಮೇಲಿಂದ ಸುರೀಬೇಡಿ, ಪೈಪ್ ತಳ ಮುಟ್ಟಿರಲಿ, ಸಿಲಿಕೋನ್ ಪೈಪ್ ಮಾತ್ರ ಬೇಡ, ಅದರ ಗೋಡೆಯಿಂದಾನೇ ಗ್ಯಾಸ್ ಸೋರತ್ತೆ. ಮುಚ್ಚಳದ ಒಳಗೆ ನಾನು ಏನ್ ಹಾಕ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ, ಅದಕ್ಕೆ ಆರು ತಿಂಗಳು ಹಿಡಿದಿದೆ. ಮಷೀನಿಂದ ಹೊರಗೆ ಬರೋ ಗ್ಯಾಸ್ ಹತ್ರ ಬೆಂಕಿ ಬೇಡ, ಗಾಳಿಲಿ 4% ಆದ್ರೆ ಹತ್ಕೊಳತ್ತೆ.

ನಡುವೆ ನೀರಿಗೆ ಹಾಕಿದ್ರೆ ಹೈಡ್ರೋಜನ್ ಬಿಡೋ ಮೆಗ್ನೀಸಿಯಂ ಮಾತ್ರೆನೂ ಬೆಚ್ಚಗಿನ ನೀರಿಗೆ ಹಾಕಿ ನೋಡ್ದೆ. ಭರ್ರಂತ ದೊಡ್ಡ ಗುಳ್ಳೆ ಬಂದು ಕರಗೋಕ್ ಮುಂಚೆನೇ ಮೇಲೆ ಹೋಯ್ತು, ತಣ್ಣೀರಲ್ಲೇ ಜಾಸ್ತಿ ಸಿಕ್ತು.

ಹೋದ ವಾರ ಸ್ಟೀಲ್ ಫ್ಲಾಸ್ಕಿಗೆ ಉಕ್ಕೋ ಹಾಗೆ ತುಂಬಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದ್ರೆ ನೀರು ಇನ್ನೂ ಬೆಚ್ಚಗಿತ್ತು, ಎಂಟು ಹನಿ ಹಿಡೀತು, ಅಂದ್ರೆ 0.8.