ಪರಿಹಾರ ಪ್ಯಾಕೇಜ್ ಘೋಷಣೆಯಾಯಿತು, ಅದನ್ನು ಓದುವುದು ಹೇಗೆ?

ವ್ಯಾಪಾರ ಬಿದ್ದಾಗ, ಕೆಲಸ ಹೋದಾಗ ಸರ್ಕಾರ ಪ್ಯಾಕೇಜ್ ಘೋಷಿಸುತ್ತದೆ. ಟಿವಿಯಲ್ಲಿ ಕೋಟಿಗಳ ಲೆಕ್ಕ ಓಡುತ್ತದೆ. ನೋಡುತ್ತಾ ಕೂತವರಿಗೆ ಬೇಕಿರುವುದು ಇಷ್ಟೇ: ನಮ್ಮ ಮನೆಗೆ ಏನು ಬರುತ್ತದೆ, ಯಾವಾಗ? ಅದು ಹೆಡ್‌ಲೈನ್‌ನಲ್ಲಿ ಇರುವುದಿಲ್ಲ, ನಾವೇ ಹುಡುಕಬೇಕು. ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ಮೂರು ಕಾಲಂ ಹಾಕಿ

ಒಂದರಲ್ಲಿ ಕೈಗೆ ಬರುವುದು: ದುಡ್ಡು, ಅಕ್ಕಿ, ಕೂಲಿ. ಎರಡನೆಯದರಲ್ಲಿ ಸಾಲ. ಮೂರನೆಯದರಲ್ಲಿ ಕಾನೂನಿನ ಬದಲಾವಣೆ.

ಈ ಪದ್ಧತಿ ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದ್ದು. ಅಲ್ಲಿನವರು ಪರಿಹಾರ, ಚೇತರಿಕೆ, ಸುಧಾರಣೆ ಎಂದು ವಿಂಗಡಿಸುತ್ತಿದ್ದರು. ನಡುವಿನ ಕಾಲಂಗೆ ನಾನು ಸಾಲ ಎಂದೇ ಬರೆಯುತ್ತೇನೆ. ನಮ್ಮಲ್ಲಿ ಚೇತರಿಕೆ ಅಂತ ಬರುವುದು ಜಾಸ್ತಿ ಅದೇ.

ಯಾವುದು ಎಷ್ಟು ದಿನ ಬಾಳುತ್ತದೆ ಎನ್ನುವುದಕ್ಕೂ ಅಮೆರಿಕದ ಕಥೆಯೇ ಒಳ್ಳೆಯ ಪಾಠ. 1933, ನಮ್ಮ ಬೆಂಗಳೂರಿನ ಟೌನ್ ಹಾಲ್‌ಗೆ ಅಡಿಗಲ್ಲು ಬಿದ್ದ ವರ್ಷ. ಅಮೆರಿಕದಲ್ಲಿ ನಾಲ್ವರು ದುಡಿಯುವವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಸಾವಿರಾರು ಬ್ಯಾಂಕ್‌ಗಳು ಮುಳುಗಿದ್ದವು. ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾದರು. ಎರಡೇ ದಿನಕ್ಕೆ ದೇಶದ ಎಲ್ಲ ಬ್ಯಾಂಕ್‌ಗಳಿಗೂ ರಜೆ ಕೊಟ್ಟರು. ಗಟ್ಟಿ ಇದ್ದವನ್ನು ನೋಡಿ ಆಮೇಲೆ ತೆರೆದರು. ಯುವಕರನ್ನು ಕಾಡು ಬೆಳೆಸುವ ಕೆಲಸಕ್ಕೆ ಕಳಿಸಿದರು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ 25 ಡಾಲರ್‌ನಷ್ಟು ನೇರ ಮನೆಗೆ ಹೋಗುತ್ತಿತ್ತು. 1935ರಲ್ಲಿ ಇನ್ನೊಂದು ದೊಡ್ಡ ಕೂಲಿ ಯೋಜನೆ ಬಂತು. ಅದರಡಿ ಒಟ್ಟು 85 ಲಕ್ಷದಷ್ಟು ಜನ ರಸ್ತೆ, ಸೇತುವೆ, ಶಾಲೆ ಕಟ್ಟಿದರು.

ಈ ಎರಡು ಕೂಲಿ ಯೋಜನೆಗಳು ಮೊದಲ ಕಾಲಂ. 1943ರ ಹೊತ್ತಿಗೆ ಎರಡೂ ಯೋಜನೆ ಮುಚ್ಚಿದವು. ಆದರೆ ಮೂರನೇ ಕಾಲಂಗೆ ಸೇರುವ 1933ರ ಠೇವಣಿ ವಿಮೆ (ಬ್ಯಾಂಕ್ ಮುಳುಗಿದರೂ ಒಂದು ಮಿತಿಯವರೆಗೆ ಠೇವಣಿ ವಾಪಸ್ ಸಿಗುವ ವ್ಯವಸ್ಥೆ), 1935ರ ಸಾಮಾಜಿಕ ಭದ್ರತಾ ಕಾಯ್ದೆ ಇವತ್ತಿಗೂ ಇವೆ. ಹಾಗಂತ ಕಾನೂನು ಆದದ್ದೆಲ್ಲ ಉಳಿಯಿತು ಅಂತಲ್ಲ. ಕೈಗಾರಿಕೆಗಳಿಗೆ ಕೂಲಿ, ಬೆಲೆಯ ನಿಯಮ ಹಾಕಿದ್ದ ಕಾಯ್ದೆಯನ್ನು 1935ರಲ್ಲಿ ಸುಪ್ರೀಂ ಕೋರ್ಟೇ ಹೊಡೆದುಹಾಕಿತು.

ದೊಡ್ಡ ಅಂಕಿಯನ್ನು ಒಡೆಯಿರಿ

ಕೋವಿಡ್ ಹೊತ್ತಿನಲ್ಲಿ, 2020ರ ಮೇ ತಿಂಗಳಲ್ಲಿ ಕೇಂದ್ರ 20 ಲಕ್ಷ ಕೋಟಿಯ ಪ್ಯಾಕೇಜ್ ಘೋಷಿಸಿತು. ನಿರ್ಮಲಾ ಸೀತಾರಾಮನ್ ಐದು ದಿನ ವಿವರಿಸಿದರು. ಕೊನೆಯ ಲೆಕ್ಕ 20.97 ಲಕ್ಷ ಕೋಟಿ. ಇದರಲ್ಲಿ ಸುಮಾರು 8 ಲಕ್ಷ ಕೋಟಿ, ಬ್ಯಾಂಕ್‌ಗಳ ಕೈಯಲ್ಲಿ ಸಾಲ ಕೊಡಲು ಹಣ ಇರುವಂತೆ ರಿಸರ್ವ್ ಬ್ಯಾಂಕ್ ತೆಗೆದುಕೊಂಡ ಕ್ರಮಗಳದ್ದು. ಇನ್ನು 3 ಲಕ್ಷ ಕೋಟಿ ಸಣ್ಣ ಉದ್ಯಮಗಳಿಗೆ ಬ್ಯಾಂಕ್ ಕೊಡುವ ಸಾಲ. ಸರ್ಕಾರ ಕೊಟ್ಟಿದ್ದು ಖಾತರಿ ಮಾತ್ರ. ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟವರಿಗೆ ಇದು ಉಪಯೋಗವೇ, ಆದರೆ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಬೀದಿ ವ್ಯಾಪಾರಿಗಳ ಸ್ವನಿಧಿ ಯೋಜನೆಯಲ್ಲಿ ಆಗ ಸಿಗುತ್ತಿದ್ದ ಮೊದಲ 10,000 ರೂಪಾಯಿಯೂ ಸಾಲವೇ. ಎರಡನೇ ಕಾಲಂಗೆ ಹಾಕಿ.

ಕೈಗೆ ಬರುವ ದುಡ್ಡು ಎಲ್ಲಿಂದ ಬಂತು ಅಂತಲೂ ಕೇಳಿ. ಕಟ್ಟಡ ಕಾರ್ಮಿಕರಿಗೆ ಒಂದು ಕಲ್ಯಾಣ ಮಂಡಳಿ ಇದೆ. ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಅಲ್ಲಿಗೆ ಹೋಗುತ್ತದೆ. ಲಾಕ್‌ಡೌನ್ ಹೊತ್ತಿನಲ್ಲಿ ಆ ನಿಧಿಯಿಂದಲೇ ನೆರವು ಕೊಡಿ ಎಂದು ಕೇಂದ್ರ ರಾಜ್ಯಗಳಿಗೆ ಹೇಳಿತ್ತು. ಅಂದರೆ ಅದು ಕಾರ್ಮಿಕರಿಗಾಗಿಯೇ ಕೂಡಿಟ್ಟ ಹಣ. ಕೊಟ್ಟಿದ್ದು ತಪ್ಪಲ್ಲ, ಹೊಸ ಖರ್ಚು ಎಂದು ತೋರಿಸಿದರೆ ಮಾತ್ರ ನನಗೆ ತಕರಾರು.

ಪಟ್ಟಿಯಲ್ಲಿ ಯಾರಿಲ್ಲ?

ಇಲ್ಲಿ ಸ್ವಲ್ಪ ನಿಧಾನಿಸಿ. 2020ರ ಮೇ 6ರಂದು ಯಡಿಯೂರಪ್ಪ 1,610 ಕೋಟಿಯ ಪ್ಯಾಕೇಜ್ ಘೋಷಿಸಿದರು. ಕ್ಷೌರಿಕರು, ಅಗಸರು, ಆಟೊ-ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಮನೆಗೆಲಸದವರು ಪಟ್ಟಿಗೆ ಬಂದಿದ್ದು ಮರುವರ್ಷದ ಪ್ಯಾಕೇಜ್‌ನಲ್ಲಿ, 2,000 ರೂಪಾಯಿಗೆ. ಜಯನಗರ, ಇಂದಿರಾನಗರದ ಎಷ್ಟೋ ಮನೆಗಳಲ್ಲಿ ಗೇಟಿನಾಚೆಯೇ ನಿಲ್ಲಿಸಿದ್ದು ಅವರನ್ನೇ ಅಲ್ವಾ? ಅಮೆರಿಕದ 1935ರ ಸಾಮಾಜಿಕ ಭದ್ರತೆಯೂ ಮೊದಲಿಗೆ ಮನೆಗೆಲಸದವರನ್ನು, ಹೊಲದ ಕೂಲಿಗಳನ್ನು ಹೊರಗಿಟ್ಟಿತ್ತು. ಕಪ್ಪು ಜನರಲ್ಲಿ ಬಹುಪಾಲು ಮಂದಿ ದುಡಿಯುತ್ತಿದ್ದುದು ಈ ಎರಡು ಕೆಲಸಗಳಲ್ಲೇ.

ಪಟ್ಟಿಯಲ್ಲಿ ಹೆಸರಿದ್ದರೂ ಷರತ್ತು ನೋಡಿ. ಭಾಷಣದಲ್ಲಿ ಷರತ್ತು ಇರಲ್ಲ, ಆಮೇಲೆ ಹೊರಡುವ ಸರ್ಕಾರಿ ಆದೇಶದಲ್ಲಿ ಇರುತ್ತದೆ. ಚಾಲಕರು ಸೇವಾ ಸಿಂಧುವಿನಲ್ಲಿ ಆನ್‌ಲೈನ್ ಅರ್ಜಿ ಹಾಕಬೇಕಿತ್ತು. ಒಂದೇ ಬಾಡಿಗೆ ಆಟೊವನ್ನು ಹಗಲು ಒಬ್ಬರು, ರಾತ್ರಿ ಇನ್ನೊಬ್ಬರು ಓಡಿಸುತ್ತಿದ್ದರೆ ದುಡ್ಡು ಯಾರಿಗೆ? ಡಿಎಲ್ ನವೀಕರಣ ಬಾಕಿ ಇದ್ದರೆ? ಖಾತೆಗೆ ಆಧಾರ್ ಜೋಡಿಸಿರದಿದ್ದರೆ? ಆದೇಶ ಕೈಗೆ ಸಿಕ್ಕಾಗ ಮೊದಲು ಇವನ್ನೇ ಹುಡುಕಿ.

ಮೂರನೇ ಕಾಲಂ ಬಿಡಬೇಡಿ

ಟಿವಿಯವರು ಇದನ್ನು ತೋರಿಸುವುದು ಕಡಿಮೆ. 2020ರ ಜನವರಿಯಲ್ಲಿ ಬಸವನಗುಡಿಯ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಿವೃತ್ತಿಯ ಹಣ ಇಟ್ಟಿದ್ದವರ ಗತಿ ಏನಾಗಿರಬೇಡ. ಮುಂದಿನ ತಿಂಗಳು ದೇಶದಲ್ಲಿ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 2021ರಲ್ಲಿ ಕಾಯ್ದೆಯನ್ನೂ ತಿದ್ದಿದರು. ಇಂಥ ನಿರ್ಬಂಧ ಬಿದ್ದ 90 ದಿನದೊಳಗೆ ಈ ಮಿತಿಯವರೆಗಿನ ಹಣ ಠೇವಣಿದಾರರಿಗೆ ಸಿಗಬೇಕು.

ಮಿತಿ ಒಬ್ಬ ಠೇವಣಿದಾರರಿಗೆ, ಒಂದು ಬ್ಯಾಂಕಿಗೆ, ಅಸಲು-ಬಡ್ಡಿ ಸೇರಿ. ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ನಿಮ್ಮ ಹೆಸರಲ್ಲೇ ಇಟ್ಟರೆ ಎರಡೂ ಕೂಡಿ ಲೆಕ್ಕ. ಜಾಸ್ತಿ ಇದ್ದರೆ ಬೇರೆ ಬೇರೆ ಬ್ಯಾಂಕಿಗೆ ಹಂಚಿ. 5,000 ರೂಪಾಯಿಯ ನೆರವಿಗಿಂತ ಈ ಒಂದು ಸಾಲು ಎಷ್ಟೋ ಮನೆಗಳಿಗೆ ಹೆಚ್ಚು ಬೆಲೆಯದು ಎಂದು ನನ್ನ ಅನಿಸಿಕೆ.

ಯೋಜನೆ ಎಂದು ಮುಗಿಯುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ರೂಸ್‌ವೆಲ್ಟ್ 1937ರಲ್ಲಿ ಖರ್ಚಿಗೆ ಕತ್ತರಿ ಹಾಕಿದರು. ಅದೇ ವರ್ಷ ಕುಸಿತ ಮರಳಿತು, ನಿರುದ್ಯೋಗ ಮತ್ತೆ ಏರಿತು.

ಕೆಲವು ತಿಂಗಳ ನಂತರ ಲೆಕ್ಕ ಕೇಳಿ

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಪೀಠಿಕೆ ಹಾಕಬೇಡಿ. ಯೋಜನೆಯ ಹೆಸರು, ಆದೇಶದ ಸಂಖ್ಯೆ ಬರೆದು ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು, ಎಷ್ಟು ಹಣ ಖಾತೆಗಳಿಗೆ ಜಮಾ ಆಯಿತು, ತಿರಸ್ಕರಿಸಿದ್ದಕ್ಕೆ ಕಾರಣವೇನು. 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಅರ್ಜಿಯ ಜೆರಾಕ್ಸ್, ಸ್ವೀಕೃತಿ ಎರಡೂ ನಿಮ್ಮ ಹತ್ತಿರ ಇರಲಿ, ಮೇಲ್ಮನವಿಗೆ ಬೇಕಾಗುತ್ತವೆ.