ವಿದೇಶಿ ಸಾಲ ಬಡವರನ್ನು ಎಲ್ಲಿ ತಟ್ಟುತ್ತದೆ: ಲೆಕ್ಕ ಹಾಕುವ ಬಗೆ

‘ಸಾಲ ಜಿಡಿಪಿಯ (ದೇಶದ ಒಟ್ಟು ಉತ್ಪನ್ನದ) ಶೇ. ಇಷ್ಟು’ ಎಂಬ ಅಂಕಿಯಿಂದ ಶುರು ಮಾಡಬೇಡಿ. ಕಂತು ಕಟ್ಟುವುದು ಜಿಡಿಪಿಯಲ್ಲ, ಸರ್ಕಾರದ ಬೊಕ್ಕಸ. ಅದೂ ಬಹುಪಾಲು ಡಾಲರಿನಲ್ಲಿ. ಆದ್ದರಿಂದ ಮೊದಲು ಎರಡು ಅನುಪಾತ ತೆಗೆಯಿರಿ: ಆ ವರ್ಷದ ಅಸಲು ಮತ್ತು ಬಡ್ಡಿ ಸೇರಿ ಸರ್ಕಾರದ ಆದಾಯದಲ್ಲಿ ಶೇಕಡ ಎಷ್ಟು, ರಫ್ತಿನ ಗಳಿಕೆಯಲ್ಲಿ ಶೇಕಡ ಎಷ್ಟು. ಸಾಲದ ಅಂಕಿ ವಿಶ್ವಬ್ಯಾಂಕಿನ ಅಂತರರಾಷ್ಟ್ರೀಯ ಸಾಲ ದತ್ತಾಂಶದಲ್ಲಿ ಪುಕ್ಕಟೆ ಸಿಗುತ್ತದೆ, ಆದಾಯದ್ದು ಆಯಾ ದೇಶದ ಬಜೆಟ್ಟಿನಲ್ಲಿ.

ಕಡಿಮೆ ಆದಾಯದ ದೇಶಗಳಿಗೆ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಮತ್ತು ವಿಶ್ವಬ್ಯಾಂಕ್ ಈ ಕಂತಿಗೆ ಇಟ್ಟುಕೊಂಡಿರುವ ಮಿತಿಗಳು ಹೀಗಿವೆ. ಸಾಲ ಹೊರುವ ಶಕ್ತಿ ದುರ್ಬಲವಾಗಿದ್ದರೆ ಆದಾಯದ ಶೇ. 14, ಮಧ್ಯಮವಾದರೆ 18, ಗಟ್ಟಿಯಾಗಿದ್ದರೆ 23. ರಫ್ತಿಗೆ ಹೋಲಿಸಿದರೆ ಕ್ರಮವಾಗಿ 10, 15, 21.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಟ್ಟು ವಿದೇಶಿ ಸಾಲದಲ್ಲಿ ಖಾಸಗಿ ಕಂಪನಿಗಳದ್ದೂ ಸೇರಿರುತ್ತದೆ. ನಿಮಗೆ ಬೇಕಾದ್ದು ಸರ್ಕಾರ ಪಡೆದದ್ದು ಮತ್ತು ಸರ್ಕಾರ ಜಾಮೀನು ನಿಂತದ್ದು ಮಾತ್ರ. ಇನ್ನೊಂದು, ‘ಕಟ್ಟಿದ’ ಮೊತ್ತವನ್ನೇ ‘ಕಟ್ಟಬೇಕಾದ’ ಮೊತ್ತ ಎಂದುಕೊಳ್ಳುವುದು. ಆಫ್ರಿಕಾದ ಜಾಂಬಿಯಾ 2020ರ ನವೆಂಬರಿನಲ್ಲಿ ಬಾಂಡ್ (ಸಾಲಪತ್ರ) ಬಡ್ಡಿ ಕಟ್ಟದೆ ಉಳಿಸಿಕೊಂಡಿತು. ಹೀಗೆ ಕೈಚೆಲ್ಲಿದ ದೇಶದ ಅನುಪಾತ ಕಾಗದದ ಮೇಲೆ ದಿಢೀರನೆ ಸುಧಾರಿಸಿದಂತೆ ಕಾಣುತ್ತದೆ, ನಿಜಕ್ಕೂ ಆಗಿರುವುದು ತದ್ವಿರುದ್ಧ.

ಮುಂದಿನದು ವಿನಿಮಯ ದರದ ಪರೀಕ್ಷೆ. 100 ಕೋಟಿ ಡಾಲರ್ ಕಂತಿದೆ ಎನ್ನಿ. ಡಾಲರಿಗೆ 200 ರೂಪಾಯಿ ಇದ್ದಾಗ ಅದು 20,000 ಕೋಟಿ. 360ಕ್ಕೆ ಹೋದರೆ 36,000 ಕೋಟಿ. ಹೊಸದಾಗಿ ಒಂದು ಡಾಲರ್ ಸಾಲ ಮಾಡದೆಯೂ ಹೊರೆ ಶೇ. 80 ಏರಿತು. 2022ರಲ್ಲಿ ಶ್ರೀಲಂಕಾದಲ್ಲಿ ಡಾಲರಿನ ಬೆಲೆ ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಹೀಗೆಯೇ ಏರಿತು. ಮೀಸಲು ಡಾಲರ್ ಖಾಲಿಯಾದರೆ ಬಜೆಟ್ಟಿಗಿಂತ ಮೊದಲು ಏಟು ಬೀಳುವುದು ಆಮದಿಗೆ: ಇಂಧನ, ಅಡುಗೆ ಅನಿಲ, ಔಷಧಿ. ಬಡವರ ಖರ್ಚಿನಲ್ಲಿ ಊಟದ್ದೇ ದೊಡ್ಡ ಪಾಲಾದ್ದರಿಂದ ಬೆಲೆಯೇರಿಕೆ ಅವರಿಗೆ ದುಪ್ಪಟ್ಟು ಬಿಗಿಯುತ್ತದೆ.

ಆಮೇಲೆ ಬಜೆಟ್ಟಿಗೆ ಬನ್ನಿ. ಆದಾಯದಿಂದ ವಿದೇಶಿ ಕಂತು, ದೇಶದೊಳಗಿನ ಸಾಲದ ಬಡ್ಡಿ, ಸಂಬಳ, ಪಿಂಚಣಿ ಕಳೆಯಿರಿ. ಉಳಿದದ್ದರಲ್ಲೇ ಶಾಲೆ ಕಟ್ಟಡ, ನೀರಿನ ಯೋಜನೆ, ಆಸ್ಪತ್ರೆಯ ಔಷಧಿ ಎಲ್ಲ ಆಗಬೇಕು. ಸಂಬಳ ನಿಲ್ಲಿಸಿದರೆ ಗಲಾಟೆ, ಹೊಸ ಕಾಮಗಾರಿ ಮುಂದೂಡಿದರೆ ಯಾರೂ ಕೇಳುವುದಿಲ್ಲ. ಕತ್ತರಿ ಬೀಳುವುದು ಅಲ್ಲಿಯೇ. ಹಾಗಾಗಿ ಬಜೆಟ್ ಅಂದಾಜನ್ನು ನಂಬದೆ ವರ್ಷದ ಕೊನೆಗೆ ನಿಜಕ್ಕೂ ಖರ್ಚಾದ ಮೊತ್ತವನ್ನೇ ನೋಡಿ.

ತೆರಿಗೆಯನ್ನೂ ಬಿಡಬೇಡಿ. ಶ್ರೀಲಂಕಾದಲ್ಲಿ ಸರಕು ಕೊಂಡಾಗ ಕಟ್ಟುವ ಮೌಲ್ಯವರ್ಧಿತ ತೆರಿಗೆ (ವ್ಯಾಟ್) 2022ರಲ್ಲಿ ಶೇ. 8ರಿಂದ 12ಕ್ಕೆ, ಅದೇ ವರ್ಷ 15ಕ್ಕೆ, 2024ರ ಜನವರಿಯಲ್ಲಿ 18ಕ್ಕೆ ಏರಿತು. ವಿಶ್ವಬ್ಯಾಂಕಿನ ಅಂದಾಜಿನಂತೆ ಅಲ್ಲಿನ ಬಡತನ 2021ರ ಶೇ. 13.1ರಿಂದ 2022ರಲ್ಲಿ 25ಕ್ಕೆ ಹೋಯಿತು. ಆದರೆ ಇಡೀ ಏರಿಕೆಯನ್ನು ಸಾಲದ ತಲೆಗೆ ಕಟ್ಟುವುದು ಅವಸರದ ತೀರ್ಮಾನ. 2019ರ ತೆರಿಗೆ ಕಡಿತ, ಕೋವಿಡ್‌ನಿಂದ ನಿಂತ ಪ್ರವಾಸೋದ್ಯಮ, 2021ರ ರಾಸಾಯನಿಕ ಗೊಬ್ಬರ ನಿಷೇಧ ಎಲ್ಲವೂ ಇದರಲ್ಲಿ ಬೆರೆತಿವೆ. ಕಂತಿನ ಗಡುವು, ವಿನಿಮಯ ದರ, ಆಹಾರದ ಬೆಲೆ ಮೂರನ್ನೂ ತಿಂಗಳುವಾರು ಅಕ್ಕಪಕ್ಕ ಬರೆದುಕೊಂಡರೆ ಯಾವುದು ಮೊದಲು, ಯಾವುದು ನಂತರ ಎಂಬುದಾದರೂ ತಿಳಿಯುತ್ತದೆ.

ಕೊನೆಯದಾಗಿ ಸಾಲ ಪರಿಹಾರ. ‘ಒಪ್ಪಂದವಾಯಿತು’ ಎಂಬ ಸುದ್ದಿ ಬಂದಾಗ ಅಸಲು ಕಡಿತವಾಯಿತೇ, ಬಡ್ಡಿ ಇಳಿಯಿತೇ, ಬರೀ ಗಡುವು ಮುಂದೆ ಹೋಯಿತೇ ಕೇಳಿ. 1996ರಲ್ಲಿ ಶುರುವಾದ ತೀವ್ರ ಸಾಲಗ್ರಸ್ತ ಬಡ ದೇಶಗಳ ಯೋಜನೆಯಲ್ಲಿ ಸಾಲವೇ ಇಳಿಯಿತು. ಅದರ ನೆರವು ಸಿಕ್ಕ ಟಾಂಜಾನಿಯಾ 2001ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿತು. ಗಡುವಷ್ಟೇ ಮುಂದೆ ಹೋಗಿದ್ದರೆ ಹೊಸ ಕಂತುಗಳ ಪಟ್ಟಿ ಹಿಡಿದು, ಅವು ಒಟ್ಟಿಗೆ ಬಂದು ಬೀಳುವ ವರ್ಷ ಯಾವುದೆಂದು ಈಗಲೇ ಗುರುತು ಹಾಕಿಕೊಳ್ಳಿ.